ಒಂದು ನಾಯಿಯದು ಸಾಲದು

ನಮ್ಮ ನಾಯಿ ದಿನಕ್ಕೆ ಹಾಕುವ ಮಲ ಸುಮಾರು 300 ಗ್ರಾಂ. ಹಳೆಯದೊಂದು ತಕ್ಕಡಿಯಲ್ಲಿ ವಾರವಿಡೀ ತೂಗಿ ನೋಡಿಯೇ ಹೇಳುತ್ತಿದ್ದೇನೆ. ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕಸಕ್ಕೆ ಹಾಕಿ ಹಾಕಿ ಬೇಸತ್ತು, ಮುಚ್ಚಳವಿರುವ ಬಕೆಟ್ಟಿನಲ್ಲಿ ಕಾಂಪೋಸ್ಟ್ ಮಾಡಲು ಹೊರಟೆ. ಎರಡು ತಿಂಗಳಾದರೂ ಅದು ಗೊಬ್ಬರವಾಗಲಿಲ್ಲ, ನೊಣಗಳ ತೊಟ್ಟಿಲಾಯಿತು.

ರಾಶಿ ಬಿಸಿಯಾಗಿರಲೇ ಇಲ್ಲ, ತಪ್ಪು ಅಲ್ಲಿತ್ತು. ತರಕಾರಿ ಸಿಪ್ಪೆ ತಣ್ಣಗೆ ಕೊಳೆತರೂ ನಡೆದೀತು. ನಾಯಿ ಮಲದಲ್ಲಾದರೆ ಸಾಲ್ಮೊನೆಲ್ಲಾದಂಥ ಬ್ಯಾಕ್ಟೀರಿಯಾ ಇರಬಹುದು, ಟಾಕ್ಸೊಕಾರಾ ಎಂಬ ದುಂಡುಹುಳುವಿನ ಮೊಟ್ಟೆಗಳೂ ಇರಬಹುದು. ಅವು ಸಾಯಬೇಕಾದರೆ ರಾಶಿಗೆ ಕಾವು ಬೇಕು. ಆ ಮೊಟ್ಟೆಗಳದು ಗಟ್ಟಿ ಜೀವ, ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತವೆ. ಹೊರಬಿದ್ದ ಕೂಡಲೇ ಅವು ಸೋಂಕು ತಗುಲಿಸುವುದಿಲ್ಲ, ಅದಕ್ಕೆ ಎರಡರಿಂದ ನಾಲ್ಕು ವಾರ ಬೇಕು. ಅಂದಂದಿನ ಮಲವನ್ನು ಅಂದೇ ಎತ್ತಬೇಕೆನ್ನುವುದು ಬರೀ ಶಿಸ್ತಿನ ಮಾತಲ್ಲ.

ಅಲಾಸ್ಕಾದ ಫೇರ್‌ಬ್ಯಾಂಕ್ಸ್‌ನಲ್ಲಿ ಹಿಮಗಾಡಿ ಎಳೆಯುವ ನಾಯಿಗಳನ್ನು ಸಾಕುವವರ ಜೊತೆ ಸೇರಿ ಅಮೆರಿಕದ ಕೃಷಿ ಇಲಾಖೆ ನಡೆಸಿದ ಪ್ರಯೋಗದ ಕೈಪಿಡಿ 2005ರಲ್ಲಿ ಬಂದಿದೆ. ಎರಡು ಪಾಲು ಮಲಕ್ಕೆ ಒಂದು ಪಾಲು ಮರದ ಪುಡಿ, ಇದು ಅವರ ಅಳತೆ. ನಾನು ಹಿಡಿದದ್ದೂ ಅದನ್ನೇ. ಮಲದಲ್ಲಿ ಸಾರಜನಕ ಹೆಚ್ಚು, ಮರದ ಪುಡಿಯಲ್ಲಿ ಇಂಗಾಲ ಹೆಚ್ಚು, ಎರಡೂ ಹದವಾಗಿ ಬೆರೆತರೆ ರಾಶಿ ಬಿಸಿಯಾಗುತ್ತದೆ. ಆದರೆ ಅವರ ಬಳಿ ನಾಯಿಗಳ ಹಿಂಡೇ ಇತ್ತು, ನನ್ನ ಬಳಿ ಒಂದೇ ಒಂದು. ರಾಶಿ ದೊಡ್ಡದಿದ್ದರೆ ಮಾತ್ರ ಒಳಗಿನ ಕಾವು ಒಳಗೇ ನಿಲ್ಲುತ್ತದೆ. ಅಂದರೆ ನನಗೆ ಬೇಕಾದದ್ದು ಇನ್ನಷ್ಟು ಮಲ! ಇದನ್ನು ಕೇಳಿಕೊಂಡು ಮನೆ ಮನೆಯ ಬಾಗಿಲು ತಟ್ಟಿದ ದಿನ ಎಷ್ಟು ಮುಜುಗರವಾಗಿತ್ತೆಂದು ಹೇಳಲಾರೆ. ಎದುರು ಮನೆಯ ಹಿರಿಯರೊಬ್ಬರು, "ಕೊಡುವುದಕ್ಕೇನು, ತೆಗೆದುಕೊಂಡು ಹೋಗುವವರು ಸಿಕ್ಕಿದರಲ್ಲ" ಎಂದು ನಕ್ಕರು. ಕೊನೆಗೆ ಹದಿನಾರು ನಾಯಿಗಳ ಮನೆಯವರು ಒಪ್ಪಿದರು.

ಪ್ರತಿ ಮನೆಯಲ್ಲೂ ಮರದ ಪುಡಿ ತುಂಬಿದ ಒಂದು ಡಬ್ಬಿ. ಮಲ ಬಿದ್ದೊಡನೆ ಅದರ ಮೇಲೊಂದು ಹಿಡಿ ಪುಡಿ. ಎರಡು ವಾರಕ್ಕೊಮ್ಮೆ ಎಲ್ಲವನ್ನೂ ಮೂರು ಅಡಿ ಉದ್ದ, ಅಗಲ, ಎತ್ತರದ ಮರದ ಪೆಟ್ಟಿಗೆಗೆ ಸುರಿದು, ತರಗೆಲೆಯನ್ನೂ ಹೊಸದಾಗಿ ಕತ್ತರಿಸಿದ ಹಸಿ ಹುಲ್ಲನ್ನೂ ಬೆರೆಸಿ ಒಂದೇ ದಿನದಲ್ಲಿ ತುಂಬುತ್ತೇವೆ. ದಿನಕ್ಕಿಷ್ಟು ಹಾಕುತ್ತಾ ಹೋದರೆ ರಾಶಿಗೆ ಕಾವೇರುವುದೇ ಇಲ್ಲ. ಹಿಂಡಿದ ಸ್ಪಂಜಿನಷ್ಟು ತೇವ ಸಾಕು. ಕೈಗವಸು ತೊಟ್ಟು ಹಿಡಿದು ಅಮುಕಿದಾಗ ನೀರು ತೊಟ್ಟಿಕ್ಕಿದರೆ ಇನ್ನಷ್ಟು ತರಗೆಲೆ ಸೇರಿಸಬೇಕು.

ಮೂರನೆಯ ಬೆಳಿಗ್ಗೆ ಉದ್ದ ಕಡ್ಡಿಯ ಥರ್ಮಾಮೀಟರನ್ನು ರಾಶಿಯ ನಡುವಿಗೆ ಚುಚ್ಚಿದೆ. ಮುಳ್ಳು 40 ದಾಟಿತು, 50 ದಾಟಿತು, 62 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಿಂತಿತು. ಸಲಿಕೆಯಿಂದ ಬಿಡಿಸಿದರೆ ಒಳಗಿಂದ ಹಬೆ, ಎಲೆಗಳ ಮೇಲೆ ಬೂದಿ ಚೆಲ್ಲಿದಂಥ ಬಿಳಿ ಪದರ. ವಾಸನೆ ಇತ್ತು, ಆದರೆ ಹೇಸಿಗೆಯದಲ್ಲ, ಮೂಗಿಗೆ ಚುರುಕು ಮುಟ್ಟಿಸುವ ಅಮೋನಿಯಾ. ಮರದ ಪುಡಿ ಕಡಿಮೆಯಾಗಿದೆ ಎಂಬುದಕ್ಕೆ ಅದೇ ಗುರುತು.

ರಾಶಿಯ ಅಂಚು ಯಾವಾಗಲೂ ತಣ್ಣಗೇ ಇರುತ್ತದೆ. ಹಾಗಾಗಿ ಕಾವು ಇಳಿಯತೊಡಗಿದಾಗಲೆಲ್ಲ ಹೊರಗಿನದನ್ನು ಒಳಕ್ಕೆ ಮಗುಚುತ್ತೇನೆ, ನಾಲ್ಕೈದು ಬಾರಿ. ಬೇಸರದ ಕೆಲಸ, ಆದರೆ ತಪ್ಪಿಸುವಂತಿಲ್ಲ. ಒಮ್ಮೆ ಹಾಗೆ ಮಗುಚುವಾಗ 'ತಾನಾಗಿ ಕರಗುತ್ತದೆ' ಎಂದು ಅಚ್ಚು ಹಾಕಿದ ಚೀಲವೊಂದು ಗಂಟಿನ ಸಮೇತ ಇಡಿಯಾಗಿ ಸಿಕ್ಕಿತು. ಅಂದಿನಿಂದ ಚೀಲಕ್ಕೆ ಪ್ರವೇಶವಿಲ್ಲ. ಜಂತುಹುಳುವಿನ ಔಷಧಿಯನ್ನು ಕಾಲಕಾಲಕ್ಕೆ ಕೊಡಿಸದ ನಾಯಿಯ ಡಬ್ಬಿಗೂ ಇಲ್ಲ. ಈ ಕೆಲಸದ ಸಲಿಕೆ, ಕೈಗವಸುಗಳನ್ನು ತೋಟದ ಬೇರೆ ಕೆಲಸಕ್ಕೆ ಮುಟ್ಟುವುದಿಲ್ಲ.

ಕಾವು ಪೂರ್ತಿ ಆರಿದ ಮೇಲೂ ಆರು ತಿಂಗಳು ಹಾಗೇ ಬಿಡುತ್ತೇನೆ. ಆಗ ಅದು ಕಪ್ಪಗೆ, ಉದುರುದುರಾಗಿ, ಮಳೆ ಬಿದ್ದ ಮಣ್ಣಿನ ವಾಸನೆಯೊಂದಿಗೆ ಸಿಗುತ್ತದೆ. ಬೇಲಿಯ ಗಿಡಗಳಿಗೂ ಹೂವಿನ ಪೊದೆಗಳಿಗೂ ಹಾಕುತ್ತೇವೆ. ತಿನ್ನುವ ಯಾವುದಕ್ಕೂ ಹಾಕುವುದಿಲ್ಲ. ಎದುರು ಮನೆಯ ಹಿರಿಯರು ತಮ್ಮ ಸೊಪ್ಪಿನ ಪಾತಿಗೆ ಒಂದು ಬುಟ್ಟಿ ಕೇಳುತ್ತಲೇ ಇದ್ದಾರೆ, ನಾನು ಕೊಡದೇ ಇದ್ದೇನೆ.