ಮಳೆಗಾಲದಲ್ಲಿ ಹಿರಿಯರು ಒಂಟಿಯಾಗದಿರಲಿ

ಜಡಿಮಳೆ ಹಿಡಿಯಿತೆಂದರೆ ನಮ್ಮ ತೀರ್ಥಹಳ್ಳಿ, ಹೊಸನಗರ ಕಡೆಯ ಒಂಟಿಮನೆಗಳಲ್ಲಿ ವಯಸ್ಸಾದವರಿಗೆ ಟಿವಿಯೇ ಗತಿ. ಅದೂ ಕರೆಂಟ್ ಇದ್ದರೆ!

"ಸುಮ್ನೆ ಒಂದು ಸುತ್ತು ಹೋಗಿ ಬನ್ನಿ" ಅಂದರೆ ಅವರು ಏಳುವುದಿಲ್ಲ. ಕೆಲಸ ಹೇಳಿ. "ಅಪ್ಪಯ್ಯ, ಸೊಸೈಟಿ ಮೀಟಿಂಗಿಗೆ ನೀವೇ ಹೋಗಿ, ನನಗೆ ಪುರುಸೊತ್ತಿಲ್ಲ" ಅಂದರೆ ಕೊಡೆ ಹಿಡಿದು ಹೊರಟೇಬಿಡುತ್ತಾರೆ. ದೇವಸ್ಥಾನಕ್ಕೆ ಹೂಬತ್ತಿ ಮಾಡಲು ಅಮ್ಮನ ಜೊತೆ ಪಕ್ಕದ ಮನೆಯ ದೊಡ್ಡಮ್ಮನನ್ನೂ ಕೂರಿಸಿ. ಬತ್ತಿಗಿಂತ ಮಾತೇ ಜಾಸ್ತಿಯಾಗುತ್ತದೆ, ಆಗಲಿ ಬಿಡಿ.

ಮುಖ್ಯವಾದದ್ದು ಕಿವಿ. ತಾಳಮದ್ದಳೆ ತಪ್ಪಿಸದವರು ಈಗ "ಬೇಜಾರು" ಅಂತ ಮನೆಯಲ್ಲೇ ಉಳಿದರೆ ಮೊದಲು ಕಿವಿ ಪರೀಕ್ಷೆ ಮಾಡಿಸಿ. ಅರ್ಥಧಾರಿಯ ಮಾತು ಕೇಳಿಸುತ್ತಿರುವುದಿಲ್ಲ, ಹೇಳಿಕೊಳ್ಳಲು ನಾಚಿಕೆ. ಮರೆವಿನ ಕಾಯಿಲೆಯ ಅಪಾಯ ಹೆಚ್ಚಿಸುವ, ಆದರೆ ನಾವು ಬದಲಿಸಬಹುದಾದ 14 ಅಂಶಗಳನ್ನು ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗದ 2024ರ ವರದಿ ಹೆಸರಿಸಿದೆ. ಕಿವಿ ಮಂದವಾಗುವುದು, ಜನರ ಒಡನಾಟ ಇಲ್ಲದಿರುವುದು ಎರಡೂ ಅದರಲ್ಲಿವೆ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಇಎನ್‌ಟಿ ಡಾಕ್ಟರಿಗೆ ತೋರಿಸಬಹುದು. ಕೆಲವರಿಗೆ ಬರೀ ಗುಗ್ಗೆ ಕಟ್ಟಿರುತ್ತದೆ, ಅಷ್ಟೇ.

ಹಾಂ, ಅಂಗಳದ ಪಾಚಿ ಮೇಲೆ ಅಡಿಕೆ ದಬ್ಬೆ ಹಾಸಿ. ಒಮ್ಮೆ ಜಾರಿ ಬಿದ್ದರೆ ಮತ್ತೆ ಹೊರಗೆ ಕಾಲಿಡಲು ಹೆದರುತ್ತಾರೆ.