ಬೇಕಾದ ಪುಸ್ತಕ ಒಂದು ನಿಮಿಷದಲ್ಲಿ ಕೈಗೆ: ಮನೆಯ ಪುಸ್ತಕ ಸಂಗ್ರಹದ ನನ್ನ ಅನುಭವ

ನಮ್ಮ ಮನೆಯಲ್ಲಿ ಸುಮಾರು 1,200 ಪುಸ್ತಕಗಳಿವೆ, ಹೆಚ್ಚುಪಾಲು ಕನ್ನಡದವು. ನೆನಪಾದ ಪುಸ್ತಕ ಒಂದು ನಿಮಿಷದೊಳಗೆ ಕೈಗೆ ಬರಬೇಕು, ನಾನು ಇಟ್ಟುಕೊಂಡಿರುವ ಅಳತೆ ಇದೊಂದೇ. ಹುಡುಕಾಟ ಐದು ನಿಮಿಷ ದಾಟಿತೆಂದರೆ ಓದುವ ಮನಸ್ಸು ಇಳಿದುಹೋಗುತ್ತದೆ. ಮನೆಯಲ್ಲೇ ಇರುವ ಪುಸ್ತಕವನ್ನು ಮತ್ತೆ ದುಡ್ಡು ಕೊಟ್ಟು ತರುವುದೂ ಆಗುತ್ತದೆ. ಹಾಗಾಗಿ ಜೋಡಿಸುವ ಕೆಲಸವನ್ನು ನಾನು ಓದಿನಿಂದ ಬೇರೆ ಮಾಡಿ ನೋಡುವುದಿಲ್ಲ.

ಮೊದಲ ತೊಡಕು ಲೇಖಕರ ಹೆಸರು. ಕೊನೆಯ ಹೆಸರಿನ ಪ್ರಕಾರ ಜೋಡಿಸುವ ಪದ್ಧತಿ ಕನ್ನಡಕ್ಕೆ ಒಗ್ಗುವುದಿಲ್ಲ. ಮಾಸ್ತಿಯವರನ್ನು ಅಯ್ಯಂಗಾರ್ ಎಂದು ಅ ಸಾಲಿನಲ್ಲಿ ಇಟ್ಟರೆ ಯಾರಿಗೂ ಸಿಗುವುದಿಲ್ಲ. ಗೊರೂರರೂ ಅಲ್ಲೇ ಹೋಗಿ ಕೂರುತ್ತಾರೆ. ಮೊದಲಕ್ಷರಗಳನ್ನು ಹಿಡಿದರೆ ಎ, ಎಂ, ಎಸ್ ಸಾಲುಗಳಲ್ಲೇ ಅರ್ಧ ಕಪಾಟು ತುಂಬುತ್ತದೆ. ನಾನು ಹಿಡಿದ ನಿಯಮ: ಓದುಗರ ಬಾಯಲ್ಲಿ ಬರುವ ಹೆಸರು ಯಾವುದೋ ಅದು. ಊರ ಹೆಸರಿನಿಂದಲೇ ಕರೆಯುವವರು ಊರ ಹೆಸರಿಗೆ: ಮಾಸ್ತಿ, ಗೊರೂರು, ಸೇಡಿಯಾಪು, ಬನ್ನಂಜೆ. ಮೊದಲಕ್ಷರದ ಜೊತೆಗೆ ಪೂರ್ತಿ ಹೆಸರೂ ನಾಲಿಗೆಯ ಮೇಲಿದ್ದರೆ ಮೊದಲಕ್ಷರ ಬಿಡುವುದು: ಎಸ್.ಎಲ್. ಭೈರಪ್ಪ ಭ ಸಾಲಿಗೆ, ಯು.ಆರ್. ಅನಂತಮೂರ್ತಿ ಅ ಸಾಲಿಗೆ, ಪಿ. ಲಂಕೇಶ್ ಲ ಸಾಲಿಗೆ. ಮೊದಲಕ್ಷರಗಳೇ ಹೆಸರಾಗಿದ್ದರೆ ಅವನ್ನೇ ಉಳಿಸುವುದು: ಡಿವಿಜಿ, ಅನಕೃ, ತೀನಂಶ್ರೀ. ಪೂರ್ಣಚಂದ್ರ ತೇಜಸ್ವಿ ಎಲ್ಲರಿಗೂ ತೇಜಸ್ವಿಯೇ, ಆದ್ದರಿಂದ ತ ಸಾಲು.

ಕಾವ್ಯನಾಮ ಬಂದಾಗ ಇನ್ನೊಂದು ಗಂಟು. ಕುವೆಂಪು, ತ್ರಿವೇಣಿ, ವೈದೇಹಿ ಇವರಲ್ಲಿ ತೊಂದರೆಯಿಲ್ಲ, ಒಂದೇ ಹೆಸರು ಚಾಲ್ತಿಯಲ್ಲಿದೆ. ಬೇಂದ್ರೆಯವರ ಕವನ ಸಂಕಲನದ ಮೇಲೆ ಅಂಬಿಕಾತನಯದತ್ತ ಎಂದಿರುತ್ತದೆ. ಮಾಸ್ತಿಯವರದ್ದು ಕೆಲವು ಕಡೆ ಶ್ರೀನಿವಾಸ. ನಾಟಕಗಳಲ್ಲಿ ಶ್ರೀರಂಗರಾದವರು ಶಾಸ್ತ್ರಗ್ರಂಥಗಳಲ್ಲಿ ಆದ್ಯ ರಂಗಾಚಾರ್ಯ. ಇಂಥವರ ಎಲ್ಲ ಪುಸ್ತಕಗಳನ್ನೂ ಒಂದೇ ಕಡೆ ಕೂಡಿಸಿ, ಇನ್ನೊಂದು ಹೆಸರಿನ ಜಾಗದಲ್ಲಿ ಪುಸ್ತಕದ ಎತ್ತರದ ರಟ್ಟಿನ ತುಂಡು ನಿಲ್ಲಿಸಿ "ಅಂಬಿಕಾತನಯದತ್ತ: ಬೇಂದ್ರೆ ನೋಡಿ" ಎಂದು ಬರೆದಿಟ್ಟಿದ್ದೇನೆ. ಮನೆಗೆ ಬಂದವರು ಕಪಾಟಿನ ಮುಂದೆ ನಿಂತಾಗ ಈ ರಟ್ಟುಗಳು ತುಂಬ ಉಪಯೋಗಕ್ಕೆ ಬರುತ್ತವೆ. ಅಭಿನಂದನ ಗ್ರಂಥ, ಸಂಸ್ಮರಣ ಗ್ರಂಥಗಳು ಮಾತ್ರ ಸಂಪಾದಕರ ಹೆಸರಿಗೆ ಬೇಡ. ಯಾರನ್ನು ಕುರಿತದ್ದೋ ಅವರ ಕೃತಿಗಳ ಕೊನೆಗೆ ಇಟ್ಟರೆ ಹುಡುಕುವವರಿಗೆ ಸಿಗುತ್ತದೆ. ಅನುವಾದಗಳನ್ನು ಮೂಲ ಲೇಖಕರ ಹೆಸರಿಗೆ ಇಟ್ಟು, ಅನುವಾದಕರ ಹೆಸರನ್ನು ಪಟ್ಟಿಯಲ್ಲಿ ತಪ್ಪದೆ ಬರೆಯಬೇಕು.

ಪಟ್ಟಿಯನ್ನು ಮೊದಲು 200 ಪುಟದ ಉದ್ದ ನೋಟ್‌ಬುಕ್ಕಿನಲ್ಲಿ ಬರೆದು, ಆಮೇಲೆ ಕಂಪ್ಯೂಟರಿನ ಸ್ಪ್ರೆಡ್‌ಶೀಟಿಗೆ ಏರಿಸಿದೆ. ಅರ್ಧ ಗಂಟೆಗೆ ಹತ್ತು ಪುಸ್ತಕ, ದಿನಕ್ಕೆ ಅಷ್ಟೇ. ಈ ವೇಗದಲ್ಲಿ 1,200 ಪುಸ್ತಕಕ್ಕೆ ನಾಲ್ಕು ತಿಂಗಳು ಹಿಡಿಯುತ್ತದೆ. ಒಂದೇ ವಾರದಲ್ಲಿ ಮುಗಿಸುತ್ತೇನೆ ಎಂದು ಎಲ್ಲವನ್ನೂ ನೆಲಕ್ಕೆ ಇಳಿಸಬೇಡಿ, ಅರ್ಧಕ್ಕೆ ನಿಲ್ಲುವುದು ಖಂಡಿತ. ಒಂದು ಅಂಕಣ ಖಾಲಿಯಾದ ಮೇಲೆ ಇನ್ನೊಂದು. ಬರೆಯುವ ವಿವರಗಳು: ಕ್ರಮಸಂಖ್ಯೆ, ಶೀರ್ಷಿಕೆ, ಲೇಖಕರು, ಪ್ರಕಾರ, ಮೊದಲ ಮುದ್ರಣದ ವರ್ಷ, ನನ್ನ ಪ್ರತಿಯ ಮುದ್ರಣದ ವರ್ಷ, ಪ್ರಕಾಶಕರು, ಪುಟ, ಕಪಾಟಿನ ಜಾಗ, ಓದಿ ಮುಗಿಸಿದ ತಿಂಗಳು. ಕ್ರಮಸಂಖ್ಯೆಯನ್ನು ಶೀರ್ಷಿಕೆ ಪುಟದ ಹಿಂಬದಿಯಲ್ಲಿ, ಒಳಗಿನ ಮೇಲ್ಮೂಲೆಯಲ್ಲಿ 2ಬಿ ಪೆನ್ಸಿಲಿನಿಂದ ಬರೆಯುತ್ತೇನೆ. ಬೆನ್ನಿಗೆ ಸ್ಟಿಕ್ಕರ್ ಅಂಟಿಸುವುದಿಲ್ಲ. ಅಂಟು ಕೆಲವೇ ವರ್ಷದಲ್ಲಿ ಒಣಗಿ ಚೀಟಿ ಉದುರುತ್ತದೆ, ಕಲೆ ಮಾತ್ರ ಉಳಿಯುತ್ತದೆ.

ಮುದ್ರಣದ ವರ್ಷವನ್ನು ನಂಬುವಾಗ ಎಚ್ಚರ. ಹಳೆಯ ಕೃತಿಯನ್ನು ಹೊಸ ಪ್ರಕಾಶಕರು ತಂದಾಗ ತಮ್ಮ ಲೆಕ್ಕದಲ್ಲಿ "ಪ್ರಥಮ ಮುದ್ರಣ" ಎಂದು ಹಾಕುವುದುಂಟು. ಆಗ ಅರಿಕೆಯ ಅಥವಾ ಮುನ್ನುಡಿಯ ಕೊನೆ ನೋಡಬೇಕು. ಅಲ್ಲಿ ಎಡಗಡೆ ಊರು ಮತ್ತು ತಾರೀಖು ಇರುತ್ತದೆ, ಸಾಮಾನ್ಯವಾಗಿ ಅದೇ ಹೆಚ್ಚು ಸರಿ. ಯುಗಾದಿ, ದೀಪಾವಳಿ ಎಂದು ಸಂವತ್ಸರದ ಹೆಸರನ್ನಷ್ಟೇ ಕೊಟ್ಟಿದ್ದರೆ, ಸಂವತ್ಸರಗಳು 60 ವರ್ಷಕ್ಕೊಮ್ಮೆ ಮರಳುವುದರಿಂದ ಕಾಗದ ಮತ್ತು ಅಚ್ಚಿನ ಮೊಳೆ ನೋಡಿ ವರ್ಷ ಗೊತ್ತುಮಾಡಿಕೊಳ್ಳಬಹುದು.

ಕಂಪ್ಯೂಟರಿನಲ್ಲಿ ಕನ್ನಡ ಪಟ್ಟಿ ಕೆಡುವುದಕ್ಕೆ ಮೂರು ಕಾರಣ ಕಂಡಿದ್ದೇನೆ. ಮೊದಲನೆಯದು ಹಳೆಯ ಫಾಂಟುಗಳು. ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಟೈಪಿಸಿದ ಪಟ್ಟಿ ಕಣ್ಣಿಗೆ ಕನ್ನಡವಾಗಿ ಕಂಡರೂ ಒಳಗೆ ಇಂಗ್ಲಿಷ್ ಅಕ್ಷರಗಳೇ ಇರುತ್ತವೆ. ಹುಡುಕಿದರೆ ಸಿಗದು, ಅಕಾರಾದಿಗೆ ಬಾರದು. ಎರಡನೆಯದು ಹೆಸರಿನ ಕೊನೆ: ಲಂಕೇಶ, ಲಂಕೇಶ್, ಕಾರ್ನಾಡ, ಕಾರ್ನಾಡ್, ಕಾರಂತ, ಕಾರಂತ್. ನಮಗೆ ಒಬ್ಬರೇ, ಯಂತ್ರಕ್ಕೆ ಇಬ್ಬರು. ಇದಕ್ಕಾಗಿ ಲೇಖಕರ ಹೆಸರುಗಳದೇ ಬೇರೆ ಹಾಳೆ ಮಾಡಿ, ಪ್ರತಿ ಸಲ ಅದರಿಂದಲೇ ಆರಿಸುವಂತೆ ಕಟ್ಟುಮಾಡಿಕೊಂಡಿದ್ದೇನೆ. ಮೂರನೆಯದು ಕಣ್ಣಿಗೆ ಕಾಣದ್ದು. ರಾಜ್‌ಕುಮಾರ್ ಎಂದು ಬರೆದಾಗ ಕಕಾರ ಒತ್ತಾಗಿ ಇಳಿಯದಂತೆ ಮಧ್ಯೆ ಒಂದು ಅಡಗಿದ ಅಕ್ಷರ ಕೂತಿರುತ್ತದೆ. ಅಂತರ್ಜಾಲದಿಂದ ಶೀರ್ಷಿಕೆ ನಕಲು ಮಾಡಿದರೆ ಅದು ಒಮ್ಮೆ ಬರುತ್ತದೆ, ಒಮ್ಮೆ ಬರುವುದಿಲ್ಲ. ಶೀರ್ಷಿಕೆಗಳನ್ನು ಕೈಯಾರೆ ಟೈಪಿಸುವುದೇ ಸರಿ. ಇನ್ನೊಂದು ಸಣ್ಣ ಸಂಗತಿ: ವರ್ಣಮಾಲೆಯಲ್ಲಿ ಳ ಕೊನೆಯದು, ಯೂನಿಕೋಡ್ ಸಂಖ್ಯೆಯಲ್ಲಿ ಅದು ಲ ಮತ್ತು ವ ನಡುವೆ ಇದೆ. ಸಂಖ್ಯೆಯ ಕ್ರಮವನ್ನೇ ಹಿಡಿಯುವ ತಂತ್ರಾಂಶದಲ್ಲಿ ಕಾಳಿಂಗ ಮೊದಲು ಬಂದು ಕಾವೇರಿ ಆಮೇಲೆ ಬಂದರೆ ಗಾಬರಿ ಬೇಡ.

ಕಪಾಟಿನ ವಿಷಯ ಹೆಚ್ಚಿಲ್ಲ. ಕನ್ನಡ ಪುಸ್ತಕಗಳು ಬಹುತೇಕ ಡೆಮಿ 1/8 ಆಕಾರ, ಅಂದಾಜು ಐದೂವರೆಗೆ ಎಂಟೂವರೆ ಇಂಚು. ಹಲಗೆಗಳ ನಡುವೆ 10 ಇಂಚು, ಆಳ 8 ಇಂಚು ಸಾಕು. ಆಳ ಹೆಚ್ಚಾದರೆ ಎರಡು ಸಾಲು ಇಡುವ ಆಸೆ ಹುಟ್ಟುತ್ತದೆ, ಹಿಂದಿನ ಸಾಲು ಮರೆತೇಹೋಗುತ್ತದೆ. 18 ಮಿ.ಮೀ. ಪ್ಲೈವುಡ್ಡಿಗೆ ಎರಡೂವರೆ ಅಡಿಗಿಂತ ಉದ್ದ ಕೊಟ್ಟರೆ ನಡು ಬಾಗುತ್ತದೆ. ಒಂದು ಅಡಿ ಪುಸ್ತಕ ಹತ್ತು ಕೆ.ಜಿ.ಯ ಆಸುಪಾಸು ತೂಗುತ್ತದೆ. ಗೋಡೆಗೆ ಎರಡು ಇಂಚು ಬಿಟ್ಟು, ನೆಲದಿಂದ ಆರು ಇಂಚು ಎತ್ತರಿಸಿ ನಿಲ್ಲಿಸಬೇಕು. ನಮ್ಮ ಕಡೆ ಮುಂಗಾರು ಹೊಡೆಯುವುದು ಪಡುವಣ ಮತ್ತು ತೆಂಕಣ ಗೋಡೆಗೆ. ಆ ಎರಡು ಹೊರಗೋಡೆಗಳಿಗೆ ಕಪಾಟು ಒರಗಿಸಬೇಡಿ.

ಓದುವಾಗ ಬೇಕಾದದ್ದು ಒಂದು ಚೀಟಿ. ಕನ್ನಡದ ಆತ್ಮಕಥೆ, ಪ್ರಬಂಧ, ವಿಮರ್ಶೆಯ ಪುಸ್ತಕಗಳಲ್ಲಿ ಕೊನೆಗೆ ಪದಸೂಚಿ ಇರುವುದು ಅಪರೂಪ. ಓದಿದ ಎರಡು ವರ್ಷದ ಮೇಲೆ "ಆ ಮಾತು ಇದರಲ್ಲೇ ಇತ್ತು" ಎಂದು ಗೊತ್ತಿರುತ್ತದೆ, ಪುಟ ಸಿಗುವುದಿಲ್ಲ. ಅದಕ್ಕೆ ಸೂಚಿಯನ್ನು ನಾವೇ ಮಾಡಿಕೊಳ್ಳಬೇಕು. ಎ4 ಬಿಳಿ ಹಾಳೆಯನ್ನು ಉದ್ದಕ್ಕೆ ನಾಲ್ಕಾಗಿ ಕತ್ತರಿಸಿ, ಡೆಮಿ ಪುಸ್ತಕದಿಂದ ಹೊರಗೆ ಇಣುಕದಂತೆ ಎಂಟು ಇಂಚಿಗೆ ಸರಿಮಾಡಿದರೆ ಎರಡು ಇಂಚು ಅಗಲದ ಪಟ್ಟಿ ಆಗುತ್ತದೆ. ಪುಟದ ಗುರುತಿಗೂ ಅದೇ, ಸೂಚಿಗೂ ಅದೇ. ಮೇಲೆ ಪುಸ್ತಕದ ಕ್ರಮಸಂಖ್ಯೆ, ಶುರುಮಾಡಿದ ದಿನ. ಕೆಳಗೆ ಪುಟಸಂಖ್ಯೆ ಮತ್ತು ಮೂರು ನಾಲ್ಕು ಪದ. ಒಂದು ಆತ್ಮಕಥೆಗೆ ಮಾಡುವ ಚೀಟಿ ಹೀಗಿರುತ್ತದೆ:

47 ಮದುವೆ ಊಟದ ಲೆಕ್ಕ
112 ಪ್ಲೇಗು, ಊರು ಬಿಟ್ಟು ಗುಡಿಸಲು
113 "ಮಾರಿ ಹೋಗಲಿ" ಎಂಬ ಬೈಗುಳ
168 ಕೂಲಿಮಠದ ಮರಳು, ಬೆರಳು
203 ತಾಯಿಯ ಒಂದೇ ಸೀರೆ

ಪದಗಳನ್ನು ಪುಸ್ತಕದ್ದೇ ಇಟ್ಟುಕೊಳ್ಳುವುದು ಮುಖ್ಯ. "ಬಡತನ" ಎಂದು ಬರೆದಿಟ್ಟರೆ ಆಮೇಲೆ ಏನೂ ನೆನಪಾಗದು, "ಒಂದೇ ಸೀರೆ" ಎಂದರೆ ಪುಟವೇ ಕಣ್ಣಿಗೆ ಕಟ್ಟುತ್ತದೆ. ಓದುವ ನಡುವೆ ಬರೆಯಲು ನಿಲ್ಲುವುದಿಲ್ಲ. ಅಂಚಿನಲ್ಲಿ ಪೆನ್ಸಿಲಿನ ಒಂದು ಚುಕ್ಕೆ ಇಟ್ಟು, ಆ ಹೊತ್ತಿನ ಓದು ಮುಗಿದಾಗ ಹಿಂದಕ್ಕೆ ತಿರುವಿ ಚುಕ್ಕೆಗಳನ್ನು ಚೀಟಿಗೆ ಇಳಿಸುತ್ತೇನೆ. ಅರ್ಧದಷ್ಟು ಚುಕ್ಕೆಗಳು ಆಗ ಬೇಡವೆನಿಸಿ ಬಿಟ್ಟುಹೋಗುತ್ತವೆ. 300 ಪುಟಕ್ಕೆ 15ರಿಂದ 25 ಸಾಲು ಹದ. ನಲವತ್ತು ದಾಟಿದರೆ ಆಯ್ಕೆ ನಡೆದಿಲ್ಲ ಎಂದರ್ಥ. ಮುಗಿದ ಮೇಲೆ ಚೀಟಿಯನ್ನು ಕೊನೆಯ ಖಾಲಿ ಹಾಳೆಗೆ ನಕಲಿಸಬಹುದು. ಕಾಗದ ಮುರುಕಲಾದ ಹಳೆಯ ಪುಸ್ತಕದಲ್ಲಿ ಬರೆಯದೆ ಚೀಟಿಯನ್ನೇ ಹಿಂದಿನ ರಟ್ಟಿನ ಒಳಗೆ ಬಿಡಬೇಕು. ಅಲ್ಲಿ ಚುಕ್ಕೆಯೂ ಬೇಡ. ಪತ್ರಿಕೆಯ ತುಣುಕುಗಳನ್ನು ಮಾತ್ರ ಪುಸ್ತಕದೊಳಗೆ ಇಡಬಾರದು. ನ್ಯೂಸ್‌ಪ್ರಿಂಟಿನ ಆಮ್ಲ ಎರಡೂ ಪುಟಗಳಿಗೆ ಕಂದು ಮುದ್ರೆ ಒತ್ತುತ್ತದೆ. ಅರಳಿ ಎಲೆ, ನವಿಲುಗರಿಯೂ ಬೇಡ, ಹುಳಕ್ಕೆ ಅವೇ ಕರೆ.

ಓದಿನ ಪ್ರಮಾಣ ದಿನಕ್ಕೆ 25 ಪುಟ. ಡೆಮಿ ಪುಟ ನನಗೆ ಸರಾಸರಿ ಎರಡು ನಿಮಿಷ, ಒಟ್ಟು ಐವತ್ತು ನಿಮಿಷ. 300 ಪುಟದ ಕಾದಂಬರಿ ಹನ್ನೆರಡು ದಿನ. ಹಳಗನ್ನಡಕ್ಕೆ ಈ ಲೆಕ್ಕ ಹಚ್ಚಬಾರದು. ಅರ್ಧ ಗಂಟೆಗೆ ನಾಲ್ಕೈದು ಪದ್ಯ, ಮೊದಲು ಗಟ್ಟಿಯಾಗಿ ಓದಿ ಪದ ಬಿಡಿಸಿ, ಆಮೇಲೆ ಅರ್ಥ, ಆಮೇಲೆ ಮತ್ತೊಮ್ಮೆ ಗಟ್ಟಿಯಾಗಿ. ಅರ್ಥ ಮೊದಲು ನೋಡಿದರೆ ಕಿವಿ ಕೆಲಸವನ್ನೇ ಮಾಡುವುದಿಲ್ಲ. ಓದದ ಪುಸ್ತಕಗಳಿಗೆ ಕಣ್ಣಿನ ಎತ್ತರದಲ್ಲಿ ಒಂದೇ ಅಂಕಣ, 24 ಪುಸ್ತಕದ ಜಾಗ. ಅದು ತುಂಬಿದ್ದರೆ ಹೊಸದು ಕೊಳ್ಳುವುದಿಲ್ಲ. ಈ ಕಟ್ಟು ಪಾಲಿಸುವುದು ಎಲ್ಲಕ್ಕಿಂತ ಕಷ್ಟ, ವಿಶೇಷವಾಗಿ ಪುಸ್ತಕ ಮೇಳದ ದಿನಗಳಲ್ಲಿ. ಆದರೂ ಓದಿನ ಸಂಖ್ಯೆ ಏರಿದ್ದು ಇದರಿಂದಲೇ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪುಸ್ತಕದ ಆರೈಕೆ ಬೇರೆಯೇ. ತೇವಾಂಶ ತೋರಿಸುವ ಸಣ್ಣ ಡಿಜಿಟಲ್ ಮಾಪಕವನ್ನು ಕಪಾಟಿನೊಳಗೆ ಇಡಿ. ಶೇ. 65 ದಾಟಿ ಕೆಲವು ದಿನ ನಿಂತರೆ ಬೂಷ್ಟು ಏಳುತ್ತದೆ. ಪುಸ್ತಕಗಳನ್ನು ಒತ್ತಿ ತುರುಕದೆ, ಬೆರಳಿನಿಂದ ಸಲೀಸಾಗಿ ಹೊರಗೆಳೆಯುವಷ್ಟು ಸಡಿಲ ಬಿಟ್ಟು, ದಿನಕ್ಕೆ ಎರಡು ಗಂಟೆ ಫ್ಯಾನ್ ಹಾಕಬೇಕು. ಸಿಲಿಕಾ ಜೆಲ್ ಮುಚ್ಚಿದ ಕಪಾಟಿನಲ್ಲಷ್ಟೇ ಕೆಲಸ ಮಾಡುತ್ತದೆ. ಬೂಷ್ಟು ಬಂದ ಪುಸ್ತಕವನ್ನು ಕೂಡಲೇ ಬೇರೆ ಮಾಡಿ, ನೆರಳಲ್ಲಿ ಗಾಳಿಗೆ ಎರಡು ದಿನ ಒಣಗಿಸಿ, ಮನೆಯ ಹೊರಗೆ, ಮೂಗಿಗೆ ಮಾಸ್ಕ್ ಕಟ್ಟಿಕೊಂಡು, ಮೆತ್ತನೆಯ ಒಣ ಬ್ರಷ್‌ನಿಂದ ಒರೆಸಬೇಕು. ಒದ್ದೆ ಬಟ್ಟೆ ತಾಗಿಸಿದರೆ ಬೂಷ್ಟು ಕಾಗದದೊಳಕ್ಕೆ ಇಳಿಯುತ್ತದೆ. ಬಿಸಿಲಿಗೆ ಹರವುವುದೂ ತಪ್ಪು: ರಟ್ಟು ಸೊಟ್ಟಗಾಗುತ್ತದೆ, ಕಾಗದ ಹಪ್ಪಳದಂತೆ ಮುರಿಯುತ್ತದೆ.

ಹುಳಗಳಲ್ಲಿ ಎರಡು ಬಗೆ. ಬೆಳ್ಳಿಬಣ್ಣದ ಸಿಲ್ವರ್‌ಫಿಶ್ ಬೈಂಡಿಂಗಿನ ಗಂಜಿ ಅಂಟಿಗಾಗಿ ಬಂದು ಮೇಲ್ಮೈಯನ್ನು ಕೆರೆದ ಹಾಗೆ ತಿನ್ನುತ್ತದೆ. ದುಂಡನೆಯ ತೂತು ಪುಟದಿಂದ ಪುಟಕ್ಕೆ ಸಾಗಿ, ಕೆಳಗೆ ಹಿಟ್ಟಿನಂಥ ಪುಡಿ ಉದುರಿದ್ದರೆ ಅದು ಕೊರೆಯುವ ಹುಳದ ಮರಿ. ಇಂಥ ಪುಸ್ತಕವನ್ನು ಗಾಳಿಯಾಡದ ಚೀಲದಲ್ಲಿ ಮುಚ್ಚಿ ಫ್ರೀಜರಿನಲ್ಲಿ ಮೈನಸ್ 18 ಡಿಗ್ರಿಯಲ್ಲಿ ಎರಡು ವಾರ ಇಡುತ್ತೇನೆ. ಹೊರಗೆ ತೆಗೆದ ಮೇಲೆ 24 ಗಂಟೆ ಚೀಲ ಬಿಚ್ಚಬಾರದು, ಬಿಚ್ಚಿದರೆ ಕಾಗದದ ಮೇಲೆ ನೀರು ಕೂರುತ್ತದೆ. ನುಸಿಗುಳಿಗೆಯನ್ನು ನಾನು ಕೈಬಿಟ್ಟಿದ್ದೇನೆ. ಆ ಹೊಗೆ ಉಸಿರಿಗೆ ಒಳ್ಳೆಯದಲ್ಲ, ಓದುವ ಕೋಣೆಗಂತೂ ಬೇಡವೇ ಬೇಡ.

ಹರಿದ ಪುಟಕ್ಕೆ ಸೆಲೋಟೇಪ್ ಹಚ್ಚಬೇಡಿ. ಹಳದಿಯಾಗಿ ಅಂಟು ಹಿಂದಿನ ಪುಟಕ್ಕೂ ಇಳಿಯುತ್ತದೆ. ಬೈಂಡರಿಗೆ ಕೊಡುವಾಗ ಎರಡು ಮಾತು ಬರೆದೇ ಕೊಡಿ: ಹೊಲಿಗೆ ಹಾಕಬೇಕು, ಅಂಚು ಕತ್ತರಿಸಬಾರದು. ಹೇಳದಿದ್ದರೆ ಮೂರೂ ಬದಿ ಕಟಿಂಗ್ ಆಗಿ ಬರುತ್ತದೆ, ಹಳೆಯ ಓದುಗರು ಅಂಚಿನಲ್ಲಿ ಬರೆದದ್ದೆಲ್ಲ ಹೋಗುತ್ತದೆ. ಶಾಲೆಯ ಪುಸ್ತಕಕ್ಕೆ ಹಾಕುವಂತೆ ಖಾಕಿ ಕಾಗದದ ಬೈಂಡ್ ಹಾಕಿದರೆ ಬೆನ್ನು ಮುಚ್ಚಿ ಹೋಗಿ, ಹೆಸರು ಕಾಣದೆ ಹುಡುಕಾಟ ಮತ್ತೆ ಮೊದಲಿಗೇ ಬರುತ್ತದೆ.

ಎರವಲು ಕೊಟ್ಟ ಪುಸ್ತಕದ ಜಾಗದಲ್ಲಿ ಅದೇ ದಪ್ಪದ ರಟ್ಟು ನಿಲ್ಲಿಸಿ ಹೆಸರು, ತಾರೀಖು ಬರೆಯುತ್ತೇನೆ. ನೋಟ್‌ಬುಕ್ಕಿನಲ್ಲಿ ಬರೆದದ್ದು ಮರೆತುಹೋಗುತ್ತದೆ, ಕಪಾಟಿನ ರಟ್ಟು ದಿನವೂ ಕಣ್ಣಿಗೆ ಬೀಳುತ್ತದೆ.

ವರ್ಷಕ್ಕೊಮ್ಮೆ ಪೂರ್ತಿ ಎಣಿಕೆಗೆ ನವರಾತ್ರಿಯೇ ತಕ್ಕ ಕಾಲ. ಮಳೆ ಹಿಂದಾಗಿರುತ್ತದೆ, ಗಾಳಿ ಒಣಗುತ್ತಿರುತ್ತದೆ, ಮೂಲಾ ನಕ್ಷತ್ರದಂದು ಸರಸ್ವತಿ ಪೂಜೆಗೆ ಪುಸ್ತಕ ಇಡುವುದಕ್ಕೆ ಮುಂಚಿನ ಭಾನುವಾರ ಇದಕ್ಕೆ ಮೀಸಲು. ಒಬ್ಬರು ಕಪಾಟಿನಿಂದ ಕ್ರಮಸಂಖ್ಯೆ ಓದುತ್ತಾರೆ, ಇನ್ನೊಬ್ಬರು ಪಟ್ಟಿಯಲ್ಲಿ ಗುರುತು ಹಾಕುತ್ತಾರೆ. ಪ್ರತಿ ಪುಸ್ತಕವನ್ನೂ ಮೇಲಂಚಿನ ಧೂಳು ಕೊಡವಿ, ಹಾಳೆಗಳನ್ನು ಒಮ್ಮೆ ಸರ್ರನೆ ತಿರುವಿ ವಾಪಸಿಡುವುದು. ಇಬ್ಬರು ಕೂತರೆ ದಿನಕ್ಕೆ 400 ಪುಸ್ತಕ ಆಗುತ್ತದೆ, ಉಳಿದದ್ದು ಮುಂದಿನ ರಜಾದಿನಗಳಿಗೆ. ಪೂಜೆಗೆ ಇಡುವ ಐದಾರು ಪುಸ್ತಕಗಳ ಮೇಲೆ ಬಿಳಿ ಹಾಳೆ ಹಾಸಿ, ಅರಿಶಿನ ಕುಂಕುಮ ಆ ಹಾಳೆಯ ಮೇಲೆ. ರಟ್ಟಿಗೆ ಹತ್ತಿದ ಅರಿಶಿನ ಏನು ಮಾಡಿದರೂ ಹೋಗುವುದಿಲ್ಲ.