ಎಂಟನೇ ಕ್ಲಾಸಿಗೆ ಗ್ರೀಕರನ್ನ ಮಡಕೆ ಚೂರಲ್ಲಿ ಕಲಿಸಿದ್ದು – ನನ್ನ ಅನುಭವ

ಎಂಟನೇ ಕ್ಲಾಸಿಗೆ ಸಮಾಜ ವಿಜ್ಞಾನ ತಗೊಳ್ಳೋರಿಗೆ ನಾನು ಯಾವ ಪಾಠದ ಬಗ್ಗೆ ಹೇಳ್ತಿದೀನಿ ಅಂತ ಬಿಡಿಸಿ ಹೇಳ್ಬೇಕಾಗಿಲ್ಲ, ಗ್ರೀಕ್, ರೋಮನ್, ಅಮೆರಿಕ ಮೂರನ್ನೂ ಒಂದೇ ಗಂಟಲ್ಲಿ ಕಟ್ಟಿ ಕೊಟ್ಟಿರೋದು. ಬಹಳಷ್ಟು ಜನ ಎರಡು ಪಿರಿಯಡ್‌ನಲ್ಲಿ ಓದಿಸಿ, ಪ್ರಶ್ನೋತ್ತರ ಬರೆಸಿ ಮುಂದಕ್ಕೆ ಹೋಗ್ತಾರೆ, ನಾನೂ ನಾಲ್ಕು ವರ್ಷ ಅದನ್ನೇ ಮಾಡಿದೀನಿ, ತಪ್ಪು ಅಂತ ಹೇಳ್ತಿಲ್ಲ. ಆದ್ರೆ ಹೋದ ವರ್ಷ 34 ಮಕ್ಕಳಲ್ಲಿ 27–28 ಜನ ಗ್ರೀಕರ ಮೇಲಿನ ಮೂರು ಮಾರ್ಕಿನ ಪ್ರಶ್ನೆಗೆ ಸ್ವಂತ ವಾಕ್ಯದಲ್ಲಿ ಬರೆದ್ರು, ಗೈಡ್ ವಾಕ್ಯ ಅಲ್ಲ. "ಮಡಕೆ ಒಡೆದ್ರೆ ಇತಿಹಾಸ ಬರುತ್ತೇನ್ರೀ" ಅಂತ ಸ್ಟಾಫ್ ರೂಮಲ್ಲಿ ನಗಾಡ್ತಿದ್ದವರೇ ಈಗ ಚೂರು ಕೇಳ್ಕೊಂಡು ಬರ್ತಾರೆ, ಅದಕ್ಕೇ ಬರೀತಿದೀನಿ.

ಮೊದಲು ಸೋತಿದ್ದು ಹೇಳ್ತೀನಿ. ಮೊದಲ ಪ್ರಯತ್ನ ಪಿಪಿಟಿ. ಮೂರು ರಾತ್ರಿ ಕೂತು ಒಲಿಂಪಸ್ ಬೆಟ್ಟದ ಹನ್ನೆರಡು ದೇವರ ವಂಶವೃಕ್ಷ ಮಾಡಿದ್ದೆ. ಪ್ರೊಜೆಕ್ಟರ್ ಆನ್ ಆಗೋಕೆ ಹತ್ತು ನಿಮಿಷ, ಕರೆಂಟ್ ಹೋಗೋಕೆ ಇನ್ನು ಹತ್ತು ನಿಮಿಷ, ಅದು ಬಿಡಿ. ದೊಡ್ಡ ತಪ್ಪು ಏನಂದ್ರೆ ಸುಲಭ ಆಗ್ಲಿ ಅಂತ ನಾನೇ ಹೋಲಿಕೆ ಕೊಟ್ಟೆ, ಝ್ಯೂಸ್ ಅಂದ್ರೆ ನಮ್ಮ ಇಂದ್ರನ ಥರ, ಪೊಸೈಡನ್ ವರುಣ, ಹೇಡಿಸ್ ಯಮ ಅಂತ. ಮಕ್ಕಳು ಖುಷಿಯಾಗಿ ತಲೆ ಆಡಿಸಿದ್ರು. ಎಫ್‌ಎ ಅಂದ್ರೆ ಕಿರು ಪರೀಕ್ಷೆ ಪೇಪರಲ್ಲಿ ನೋಡಿದ್ರೆ ಹತ್ತು ಹನ್ನೊಂದು ಜನ "ಗ್ರೀಕರ ದೇವತೆಗಳ ರಾಜ ಇಂದ್ರ" ಅಂತ ಬರೆದಿದಾರೆ. ಒಬ್ಬ ಅಂತೂ ಹಿಮ್ಮಡಿಗೆ ಬಾಣ ತಾಗಿ ಸತ್ತ ಗ್ರೀಕ್ ವೀರ ಅಕಿಲಿಸ್‌ನ, ದುರ್ಯೋಧನನ ಥರ ತೊಡೆಗೆ ಗದೆಯಲ್ಲಿ ಹೊಡೆಸಿ ಸಾಯಿಸಿಬಿಟ್ಟಿದ್ದ, ಹಿಮ್ಮಡಿ ಎಲ್ಲಿ, ತೊಡೆ ಎಲ್ಲಿ! ಬೈಯೋಕೂ ಬಾಯಿ ಬರ್ಲಿಲ್ಲ, ಆ ದಾರಿ ತೋರಿಸಿದ್ದು ನಾನೇ ಅಲ್ವಾ.

ಎರಡನೇ ವರ್ಷ ಗ್ರೀಕರ ಹೆಸರು ಬಾಯಿಪಾಠ ಮಾಡಿಸ್ದೆ. ಪೆರಿಕ್ಲಿಸ್, ಸೋಫೋಕ್ಲಿಸ್, ಥೆಮಿಸ್ಟೋಕ್ಲಿಸ್, ಹೆರಾಕ್ಲಿಸ್. ಹಿಂದಿನ ಬೆಂಚಿನ ಹುಡುಗಿ ಎದ್ದು "ಇವ್ರೆಲ್ಲಾ ಒಂದೇ ಮನೆಯವ್ರಾ ಮಿಸ್, ಎಲ್ರದ್ದೂ ಇನಿಷಿಯಲ್ ಕ್ಲಿಸ್ ಅಂತನೇ ಇದೆಯಲ್ಲ" ಅಂದ್ಲು. ಕ್ಲಾಸೆಲ್ಲ ನಗು. ಮನೆಗೆ ಬಂದು ಹುಡುಕಿದ್ರೆ ಆ ಬಾಲ ಬಂದಿರೋದು 'ಕ್ಲೆಯೋಸ್' ಅನ್ನೋ ಪದದಿಂದ, ಅಂದ್ರೆ ಕೀರ್ತಿ, ನಮ್ಮ ಸಂಸ್ಕೃತದ 'ಶ್ರವಸ್' ಅದಕ್ಕೆ ನಂಟಿನ ಪದ. ಹೆರಾಕ್ಲಿಸ್ ಅಂದ್ರೆ ಹೇರಾ ದೇವಿಯ ಕೀರ್ತಿ, ಆ ದೇವಿ ಅವನನ್ನ ಹುಟ್ಟಿದಾಗಿಂದ ಗೋಳು ಹುಯ್ಕೊಂಡವಳು ಅನ್ನೋದು ಬೇರೆ ತಮಾಷೆ. ಮಾರನೇ ದಿನ "ಎಲ್ಲಾ ಕೀರ್ತಿಕುಮಾರ್‌ಗಳು ಕಣ್ರೋ" ಅಂದೆ, ಅವತ್ತಿಂದ ಆ ನಾಲ್ಕು ಹೆಸರು ಯಾರೂ ಮರೀಲಿಲ್ಲ. ಅಲ್ಲಿ ನಂಗೊಂದು ವಿಷಯ ಹೊಳೀತು, ಮಗುವೇ ಕೇಳಿದ್ಮೇಲೆ ಹೆಸರು ಕೊಟ್ರೆ ನಿಲ್ಲುತ್ತೆ, ನಾವಾಗೇ ಮೊದ್ಲೇ ತುರುಕಿದ್ರೆ ಜಾರುತ್ತೆ. ಹೋಲಿಕೆನೂ ಹಂಗೇ, ಅದು ಅವ್ರ ಬಾಯಿಂದ ಬರ್ಬೇಕು.

ಈಗ ಮಡಕೆ ವಿಷಯಕ್ಕೆ ಬರ್ತೀನಿ. ಹಳೇ ಗ್ರೀಸಿನ ಅಥೆನ್ಸ್ ಪಟ್ಟಣದಲ್ಲಿ ವರ್ಷಕ್ಕೊಂದ್ಸಲ, ಈ ಮನುಷ್ಯ ಬಹಳ ಬೆಳೀತಿದಾನೆ, ಊರಿಗೆ ಅಪಾಯ ಅನ್ಸಿದ್ರೆ ಜನ ಮಡಕೆ ಚೂರಲ್ಲಿ ಹೆಸರು ಗೀರಿ ಹಾಕೋರು, 6000 ಚೂರು ಬಿದ್ರೆ ಲೆಕ್ಕಕ್ಕೆ, ಜಾಸ್ತಿ ಹೆಸರು ಬಂದವನು ಹತ್ತು ದಿನದಲ್ಲಿ ಊರು ಬಿಡ್ಬೇಕು, ಹತ್ತು ವರ್ಷ ವಾಪಸ್ ಬರಂಗಿಲ್ಲ, ಆಸ್ತಿ ಮಾತ್ರ ಮುಟ್ಟಲ್ಲ. ನಿಮಗೆಲ್ಲ ಗೊತ್ತಿರೋದೇ. ಇದನ್ನ ಕ್ಲಾಸಲ್ಲಿ ಮಾಡಿಸಬೇಕು ಅಂತ ಸಂತೆಗೆ ಹೋಗಿ ಹನ್ನೆರಡು ಹೊಸ ಮಡಕೆ ತಂದೆ, ಒಂದಕ್ಕೆ ಅರವತ್ತೋ ಅರವತ್ತೈದೋ, ಆಟೋ ಸೇರಿ ಒಂಬೈನೂರರ ಹತ್ರ ಹೋಯ್ತು. ಅಂಗಳದಲ್ಲಿ ಗೋಣಿಚೀಲಕ್ಕೆ ಹಾಕಿ ಸುತ್ತಿಗೇಲಿ ಒಡೀತಿದ್ರೆ ನಮ್ಮನೆಯವ್ರು ಬಾಗಿಲಲ್ಲಿ ನಿಂತು ನೋಡಿ "ಸಂಬಳ ಜಾಸ್ತಿ ಆಯ್ತಾ" ಅಂದ್ರು ಅಷ್ಟೇ, ಮತ್ತೇನೂ ಅನ್ಲಿಲ್ಲ, ಅದೇ ಜಾಸ್ತಿ ನೋವಾಯ್ತು.

ಮುಂದಿನ ವರ್ಷ ಸೀದಾ ಕುಂಬಾರರ ಮನೆಗೇ ಹೋದೆ. ಅಜ್ಜ ಕೇಳಿಸ್ಕೊಂಡು "ಒಡೆಯಕ್ಕೆ ಹೊಸ್ದು ಯಾಕವ್ವಾ, ಹಿತ್ಲಲ್ಲಿ ರಾಶಿ ಬಿದ್ದೈತೆ, ಬೇಕಾದಷ್ಟು ತಗೊಂಡೋಗು" ಅಂತ ಎರಡು ಚೀಲ ತುಂಬಿಸಿ ಕೊಟ್ರು, ದುಡ್ಡು ಮುಟ್ಲಿಲ್ಲ, ಎಲೆ ಅಡಿಕೆಗೆ ಅಂತ ಐವತ್ತು ರೂಪಾಯಿ ಇಟ್ಟು ಬಂದೆ. ದಾರೀಲಿ ಬರ್ತಾ ಅನ್ನಿಸ್ತು, ಅಥೆನ್ಸಿನವ್ರು ಮಾಡಿದ್ದೂ ಇದೇ ಅಲ್ವಾ. ಬರೆಯೋ ಪಪೈರಸ್ ಹಾಳೆ ಈಜಿಪ್ಟಿಂದ ಬರ್ಬೇಕಿತ್ತು, ದುಬಾರಿ, ಒಡೆದ ಮಡಕೆ ಬಿಟ್ಟಿ. ಅಥೆನ್ಸಿನ ಕುಂಬಾರಗೇರಿ ಕೆರಾಮೈಕೋಸ್‌ನಲ್ಲೇ ಅಗೆದಾಗ ಇಂಥ ಚೂರು ಸಾವಿರಾರು ಸಿಕ್ಕಿವೆ, ಸೆರಾಮಿಕ್ ಅನ್ನೋ ಪದದ ಬೇರೂ ಆ ಕುಂಬಾರರ ಮಣ್ಣೇ. ಈ ಮಾತನ್ನ ಪಾಠದಲ್ಲಿ ಹೇಳೋಕೆ ನಂಗೆ ಒಂಬೈನೂರು ರೂಪಾಯಿ ಖರ್ಚಾಗಿದೆ, ಹಾಗಾಗಿ ಜೋರಾಗೇ ಹೇಳ್ತೀನಿ. ಹೆಂಚಿನ ಚೂರು ಮಾತ್ರ ತರ್ಬೇಡಿ, ಮಂಗಳೂರು ಹೆಂಚು ಗಟ್ಟಿ, ಗೀರಕ್ಕೆ ಹೋಗಿ ಕೈವಾರದ ಮೊನೆ ಮುರಿಯುತ್ತೆ, ನಮ್ಮಲ್ಲಿ ಒಬ್ಬನ ಬೆರಳೂ ಕುಯ್ತು. ಮಡಕೆ ಚೂರು, ಎರಡಿಂಚಿನ ಮೊಳೆ, ಅಂಚು ಕಲ್ಲಿಗೆ ಉಜ್ಜಿ ಮೊಂಡು ಮಾಡಿಸಿ, ಸಾಕು.

ಮಕ್ಕಳು ಗೀರಕ್ಕೆ ಕೂತಾಗ ನಾನು ಯೋಚಿಸದೇ ಇದ್ದದ್ದು ಒಂದು ಬಂತು. ನಮ್ಮ ದುಂಡಕ್ಷರ ಸುಟ್ಟ ಮಣ್ಣಿನ ಮೇಲೆ ಬರಲ್ಲ. ಮೊಳೆ ಜಾರುತ್ತೆ, 'ಥ'ದ ಹೊಟ್ಟೆ ಮೂಲೆ ಮೂಲೆ ಆಗುತ್ತೆ. ಆಮೇಲೆ ಗ್ರೀಕ್ ಚೂರಿನ ಫೋಟೋ ತೋರಿಸ್ದೆ, ಅವ್ರ ಅಕ್ಷರದಲ್ಲಿ ನೆಟ್ಟಗಿನ ಗೆರೆನೇ ಜಾಸ್ತಿ. "ಅವ್ರಿಗೆ ಈಜಿ ಮಿಸ್, ನಮ್ಗೆ ಮೋಸ" ಅಂದ ಒಬ್ಬ. ಇನ್ನೊಬ್ಬ "ಹಂಗಾದ್ರೆ ನಮ್ಮವ್ರು ತಾಳೆಗರಿಲಿ ಬರೀತಿದ್ರಲ್ಲ, ಅಲ್ಲಿ ನೆಟ್ಟಗೆ ಗೆರೆ ಎಳೆದ್ರೆ ಗರಿ ಹರಿಯುತ್ತೆ, ಅದಕ್ಕೆ ದುಂಡಗೆ" ಅಂದ. ಅವನು ಅದನ್ನ ಎಲ್ಲಿ ಕೇಳಿದ್ನೋ, ನಾನಂತೂ ಹೇಳಿರ್ಲಿಲ್ಲ.

ಈ ಆಟದಲ್ಲಿ ನಾನು ಮಾಡಿದ ಮುಠ್ಠಾಳತನನೂ ಹೇಳ್ಬೇಕು. ಮೊದಲ ಸಲ "ನಮ್ಮ ಕ್ಲಾಸಲ್ಲಿ ಯಾರು ಹೊರಗೆ ಹೋಗ್ಬೇಕು" ಅಂತ ಮಕ್ಕಳ ಹೆಸರನ್ನೇ ಬರೆಸಿದ್ದೆ. ತಮಾಷೆಗೇನೇ. ಮೆತ್ತಗಿರೋ ಒಂದು ಹುಡುಗನ ಹೆಸರು 19 ಚೂರಲ್ಲಿ ಬಂತು. ಅವನು ಅಳ್ಲಿಲ್ಲ, ಬ್ಯಾಗ್ ಎತ್ಕೊಂಡು ಹೊರಗೆ ಹೋಗಿ ಕಟ್ಟೆ ಮೇಲೆ ಕೂತ. ಸಂಜೆ ಅವ್ರಮ್ಮ ಬಂದ್ರು, ಹೆಡ್‌ಮಾಸ್ಟರ್ (ಹೆಚ್‌ಎಂ) ರೂಮಲ್ಲಿ ನಾನು ನಿಂತ್ಕೊಂಡು ಕೇಳಿಸ್ಕೊಂಡೆ, ಅವ್ರು ಹೇಳಿದ್ದು ಸರಿಯಾಗೇ ಇತ್ತು. ಅದಾದ್ಮೇಲೆ ಮಕ್ಕಳ ಹೆಸರು ಯಾವತ್ತೂ ಇಲ್ಲ. ಈಗ ಇಬ್ಬರು ಮಕ್ಕಳು ಅಥೆನ್ಸಿನ ಎದುರಾಳಿ ನಾಯಕರಾದ ಅರಿಸ್ಟೈಡಿಸ್, ಥೆಮಿಸ್ಟೋಕ್ಲಿಸ್ ಆಗಿ ಭಾಷಣ ಮಾಡ್ತಾರೆ, ಬೆಳ್ಳಿ ಗಣೀಲಿ ಸಿಕ್ಕ ದುಡ್ಡು ಜನಕ್ಕೆ ಹಂಚಬೇಕಾ, 200 ಹಡಗು ಕಟ್ಟಬೇಕಾ ಅಂತ, ಹಡಗು ಅನ್ನೋನು ಥೆಮಿಸ್ಟೋಕ್ಲಿಸ್. ನಮ್ಮ ಮಕ್ಕಳಲ್ಲಿ ಹಂಚೋದಕ್ಕೇ ವೋಟು ಜಾಸ್ತಿ, ಪ್ರತೀ ಸಲ. ಆಮೇಲೆ ಕ್ರಿ.ಪೂ. 482ರಲ್ಲಿ ಊರು ಬಿಟ್ಟವನು ಅರಿಸ್ಟೈಡಿಸ್, ಎರಡೇ ವರ್ಷಕ್ಕೆ ಸಲಾಮಿಸ್ ಕಡಲಲ್ಲಿ ಆ ಹಡಗುಗಳೇ ಪರ್ಷಿಯನ್ನರನ್ನ ಹೊಡೆದದ್ದು ಅಂತ ಹೇಳ್ದಾಗ ಹಂಚೋ ಪಾರ್ಟಿ ಮುಖ ನೋಡ್ಬೇಕು. "ಗೆಲ್ಲಿಸಿದವನಿಗೆ ಏನು ಕೊಟ್ರು ಮಿಸ್" ಅಂತ ಕೇಳೇ ಕೇಳ್ತಾರೆ, ಥೆಮಿಸ್ಟೋಕ್ಲಿಸ್‌ನನ್ನೂ ಕೆಲವು ವರ್ಷ ಆದ್ಮೇಲೆ ಚೂರು ಹಾಕಿ ಓಡಿಸಿದ್ರು ಅನ್ನೋದನ್ನ ಅಲ್ಲಿ ತನಕ ಬಚ್ಚಿಟ್ಟಿರ್ತೀನಿ.

ಕಳ್ಳ ವೋಟಿನ ವಿಷಯ ಇನ್ನೂ ಚೆನ್ನಾಗಿದೆ. ಒಂದ್ಸಲ ಎಣಿಸ್ತಾ ಇದ್ರೆ ಒಂಬತ್ತು ಚೂರಲ್ಲಿ ಒಂದೇ ಕೈಬರಹ. ಅಕ್ಷರ ಚೆನ್ನಾಗಿರೋ ಹುಡುಗಿಗೆ ಉಳಿದವ್ರು "ನಮ್ದೂ ಗೀರಿಕೊಡೇ" ಅಂತ ಕೊಟ್ಟಿದಾರೆ, ಅವಳು ತನಗೆ ಬೇಕಾದ ಹೆಸರನ್ನೇ ಗೀರಿದಾಳೆ! ನಾನು ಬೈಲಿಲ್ಲ, ಮನಸ್ಸಲ್ಲೇ ಕುಣಿದೆ. ಯಾಕಂದ್ರೆ ಅಥೆನ್ಸಿನ ಅಕ್ರೊಪೊಲಿಸ್ ಗುಡ್ಡದ ಉತ್ತರ ಪಕ್ಕದ ಹಳೇ ಬಾವೀಲಿ ಥೆಮಿಸ್ಟೋಕ್ಲಿಸ್ ಹೆಸರಿನ ಸುಮಾರು 190 ಚೂರು ಸಿಕ್ಕಿದ್ವು, ಕೈಬರಹ ನೋಡಿದ್ರೆ ಬರೀ ಹದಿನಾಲ್ಕು ಜನ ಬರೆದಿರೋದು. ಮೊದ್ಲೇ ಬರೆದು ರೆಡಿ ಇಟ್ಟಿದ್ದ ಮಾಲು ಅನ್ಸುತ್ತೆ. ಇದನ್ನ ಹೇಳಿದ್ಮೇಲೆ ಆ ಹುಡುಗಿ "ನಾನೊಬ್ಳೇ ಅಲ್ವಲ್ಲ ಮಿಸ್" ಅಂತ ಸಮಾಧಾನ ಪಟ್ಕೊಂಡ್ಲು. ಈಗ ಪ್ರತೀ ವರ್ಷ ಕೈಬರಹ ಪತ್ತೆ ಮಾಡೋಕೆ ಒಂದು ಪಿರಿಯಡ್ ಇಡ್ತೀನಿ. ಚೂರು ಹಂಚೋ ಮುಂಚೆ ಕಳ್ಳ ವೋಟು ತಾನಾಗೇ ಆಗೋ ಹಂಗೆ ಒಂದು ಸಣ್ಣ ಏರ್ಪಾಡು ಮಾಡ್ತೀನಿ, ಅದನ್ನ ಇಲ್ಲಿ ಬರೆದ್ರೆ ನಮ್ಮ ಮಕ್ಕಳೇ ಓದಿಬಿಡ್ತಾರೆ, ಬೇಡ.

ಪುರಾಣಕ್ಕೆ ನಾನು ಇಟ್ಕೊಂಡಿರೋದು ಒಂದೇ ಕಥೆ, ಮಿನೋಟಾರ್. ಹನ್ನೆರಡು ದೇವರು ಪೂರ್ತಿ ಬಿಟ್ಟೆ. ಹೆಸರಿಲ್ಲದೇ ಶುರು ಮಾಡ್ತೀನಿ, ಒಬ್ಬ ರಾಜ, ಅವನ ಅರಮನೆ ಕೆಳಗೆ ಗೂಳಿ ತಲೆ ಮನುಷ್ಯ, ಸುತ್ತ ಸಿಕ್ಕು ಸಿಕ್ಕು ದಾರಿ, ಅವನನ್ನ ಕೊಲ್ಲೋಕೆ ಬಂದ ವೀರನಿಗೆ ವಾಪಸ್ ದಾರಿ ಸಿಗ್ಲಿ ಅಂತ ರಾಜನ ಮಗಳು ಕೊಟ್ಟ ದಾರದುಂಡೆ. ಆಮೇಲೆ ಅಂಗಳಕ್ಕೆ ಕರ್ಕೊಂಡು ಹೋಗಿ ರಂಗೋಲಿ ಪುಡಿ ಕೊಡ್ತೀನಿ. ನಡುವೆ ಒಂದು ಕೂಡೋ ಗುರುತು (+), ಅದರ ನಾಲ್ಕು ಮೂಲೇಲಿ ಒಂದೊಂದು L ಆಕಾರದ ಗೆರೆ, ನಾಲ್ಕು ಚುಕ್ಕಿ, ತುದಿಯಿಂದ ತುದಿಗೆ ಕಮಾನು ಎಳ್ಕೊಂಡು ಹೋದ್ರೆ ಏಳು ಸುತ್ತಿನ ಕೋಟೆ ರೆಡಿ. ಹುಡುಗೀರಿಗೆ ಎರಡು ನಿಮಿಷ, ಹುಡುಗ್ರಿಗೆ ಇಪ್ಪತ್ತು. ಕ್ರೀಟ್ ದ್ವೀಪದ ಕ್ನೋಸಸ್ ಊರಿನ ಬೆಳ್ಳಿ ನಾಣ್ಯದ ಮೇಲೆ ಇರೋದು ಇದೇ ಚಿತ್ರ.

ಅದರೊಳಗೆ ನಡೆದು ನೋಡಿದ ಹುಡುಗ ಒಬ್ಬ ನಂಗೆ ಬೆವರಿಳಿಸಿಬಿಟ್ಟ. "ಮಿಸ್, ದಾರಿ ಒಂದೇ ಇದೆ, ಎಲ್ಲೂ ಕವಲಿಲ್ಲ, ಮತ್ತೆ ದಾರ ಯಾಕೆ?" ಹೌದಲ್ವಾ! ಕಥೇಲಿ ದಾರಿ ತಪ್ಪುತ್ತೆ, ನಾಣ್ಯದಲ್ಲಿ ದಾರಿ ತಪ್ಪೋಕೇ ಆಗಲ್ಲ. "ಗೊತ್ತಿಲ್ಲ ಕಣೋ" ಅಂದೆ, ಕ್ಲಾಸಲ್ಲಿ ಅಷ್ಟು ಖುಷಿಯಿಂದ ಗೊತ್ತಿಲ್ಲ ಅಂದಿದ್ದು ಅದೇ ಮೊದಲು. ಹಿಂದಿನ ವರ್ಷ ಹಳೇಬೀಡು ಟ್ರಿಪ್‌ಗೆ ಹೋಗಿದ್ದ ಹುಡುಗಿ ಆಗ "ಮಿಸ್, ಇದು ದೇವಸ್ಥಾನದ ಗೋಡೇಲಿದೆ, ಅಭಿಮನ್ಯು ಚಕ್ರವ್ಯೂಹ" ಅಂದ್ಲು. ಹೊಯ್ಸಳೇಶ್ವರದ ಗೋಡೇಲಿ ಇರೋದು ಹೆಚ್ಚೂಕಮ್ಮಿ ಇದೇ ಸುತ್ತು, ಒಳಗಿನ ಸುರುಳಿ ಸ್ವಲ್ಪ ಬೇರೆ. ನಾನು ಬಾಯಿ ಬಿಡ್ಲಿಲ್ಲ. ಅವ್ರವ್ರೇ ಕಿತ್ತಾಡ್ಕೊಂಡು ಬೋರ್ಡ್ ಮೇಲೆ ಬರೆದ್ರು, ಅಭಿಮನ್ಯುಗೆ ಒಳಗೆ ಹೋಗೋದು ಗೊತ್ತು, ಹೊರಗೆ ಬರೋದು ಗೊತ್ತಿಲ್ಲ, ಗ್ರೀಕ್ ಕಥೆಯ ವೀರ ಥೀಸಿಯಸ್‌ಗೆ ಎರಡೂ ಗೊತ್ತಿಲ್ಲ, ಆದ್ರೆ ದಾರ ಇದೆ. ಆ ವರ್ಷ ಪೇಪರಲ್ಲಿ ಒಬ್ರೂ ಥೀಸಿಯಸ್‌ನ ಅಭಿಮನ್ಯು ಮಾಡ್ಲಿಲ್ಲ. ವ್ಯತ್ಯಾಸ ಅವ್ರೇ ಹುಡುಕಿದ್ರು ನೋಡಿ, ನನ್ನ ಝ್ಯೂಸ್-ಇಂದ್ರಕ್ಕೂ ಇದಕ್ಕೂ ಅಷ್ಟೇ ಫರಕು.

ಮಧ್ಯೆ ಹುಚ್ಚು ಪ್ರಯೋಗಗಳೂ ಆಗಿವೆ. ಗ್ರೀಕರ ಕಪ್ಪು ಚಿತ್ರದ ಮಡಕೆ ಮಾಡೋಣ ಅಂತ ಇದ್ದಿಲ ಪುಡಿ, ಫೆವಿಕಾಲ್ ಕಲಸಿ ಬಳಿಸಿದ್ವಿ, ಕೈ, ಯೂನಿಫಾರಂ, ಗೋಡೆ ಎಲ್ಲಾ ಕಪ್ಪು, ಮಡಕೆ ಬಿಟ್ಟು. ಕುಂಬಾರ ಅಜ್ಜನಿಗೆ ಹೇಳಿದ್ರೆ "ಬಣ್ಣ ಬಳಿಯೋದಲ್ಲವ್ವಾ, ಗಾಳಿ ಕಟ್ಟಿ ಹೊಗೆ ಕೊಟ್ರೆ ಅದೇ ಕಪ್ಪಾಗ್ತದೆ" ಅಂದ್ರು. ಅಥೆನ್ಸಿನ ಕುಂಬಾರರ ಗುಟ್ಟೂ ಹೆಚ್ಚೂಕಮ್ಮಿ ಅದೇ, ನಯವಾದ ಕೆಮ್ಮಣ್ಣಿನ ನೀರು ಬಳಿದು, ಗೂಡಿಗೆ ಮೊದಲು ಗಾಳಿ ಬಿಟ್ಟು, ಆಮೇಲೆ ಕಟ್ಟಿ, ಮತ್ತೆ ಬಿಟ್ಟು ಸುಡೋರು.

ಇನ್ನೊಂದು, ಪ್ರತಿಭಾ ಕಾರಂಜಿಗೆ ಅಂತ ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಒಂದು ಗ್ರೀಕ್ ಪ್ರಹಸನ ತಗೊಂಡೆ, ಪಪೈರಸ್ ನಂಬರ್ 413, ಇಂಡಿಯಾ ಕರಾವಳಿಯ ರಾಜನ ಕೈಲಿ ಸಿಕ್ಕ ಕಾರಿಟಿಯನ್ ಅನ್ನೋ ಹುಡುಗಿಯನ್ನ ಅಣ್ಣ ಬಿಡಿಸ್ಕೊಂಡು ಹೋಗೋ ಕಥೆ. ಅದರಲ್ಲಿ ರಾಜನ ಕಡೆಯವ್ರು ಆಡೋ ಮಾತು ಕನ್ನಡ ಅಂತ 1904ರಲ್ಲಿ ಜರ್ಮನ್ ವಿದ್ವಾಂಸ ಹುಲ್ಟ್ಜ್ ಬರೆದ್ರು, ಗೋವಿಂದ ಪೈಗಳೂ ಒಪ್ಪಿದ್ರು, ತುಳು ಅನ್ನೋರಿದಾರೆ, ಅರ್ಥವೇ ಇಲ್ಲದ ಬರೀ ಸದ್ದು ಅನ್ನೋರೂ ಇದಾರೆ. ಮಕ್ಕಳಿಗೆ ಭಾರೀ ಖುಷಿ. ಆದ್ರೆ ರಾಜನಿಗೆ ಕುಡಿಸಿ ಮಲಗಿಸೋ ಸೀನಿಗೆ ಹೆಚ್‌ಎಂ ಒಪ್ಲಿಲ್ಲ, ಪಾನಕ ಅಂತ ಮಾಡ್ದೆ, ಪಾನಕ ಕುಡಿದು ರಾಜ ಯಾಕೆ ತೂರಾಡ್ತಾನೆ ಅಂತ ಜಡ್ಜು ಕೇಳಿದ್ರು, ಪ್ರೈಜ್ ಬರ್ಲಿಲ್ಲ.

ಲೆಕ್ಕ ಕೇಳೋರಿಗೆ, ಈಗ ವರ್ಷಕ್ಕೆ ಇನ್ನೂರು ಇನ್ನೂರೈವತ್ತರಲ್ಲಿ ಮುಗಿಯುತ್ತೆ, ರಂಗೋಲಿ ಪುಡಿ, ಮೊಳೆ, ಬ್ಯಾಂಡೇಜು, ಅಜ್ಜನ ಎಲೆ ಅಡಿಕೆ. ಪಿರಿಯಡ್ ಮಾತ್ರ ಆರು ಬೇಕು, ಆ ನಾಲ್ಕು ಹೆಚ್ಚಿನ ಪಿರಿಯಡ್ ನಾನು ಎಲ್ಲಿಂದ ಕದೀತೀನಿ ಅಂತ ನಮ್ಮ ಪಿಟಿ ಮೇಷ್ಟ್ರಿಗೆ ಗೊತ್ತು, ಅವ್ರು ಹೇಳಲ್ಲ. ಈ ಸಲದ ಚೂರು ಬೀರು ಹಿಂದೆ ಚೀಲದಲ್ಲಿದೆ. ಮೊನ್ನೆ ಬೀರು ಸರಿಸಕ್ಕೆ ಹೋದ ಹೆಚ್‌ಎಂ ಒಂದು ಚೂರು ಎತ್ಕೊಂಡು ಬಂದ್ರು, ಅದರಲ್ಲಿ ಅವ್ರ ಹೆಸರೇ ಗೀರಿತ್ತು, ಅಪ್ಪನ ಹೆಸರು ಸಮೇತ, ಥೇಟ್ ಅಥೆನ್ಸಿನವ್ರ ಥರ. ಕೈಬರಹ ಯಾರದ್ದು ಅಂತ ನಂಗೆ ನೋಡಿದ ತಕ್ಷಣ ಗೊತ್ತಾಯ್ತು, "ಗೊತ್ತಿಲ್ಲ ಸಾರ್" ಅಂದೆ.